ಕೇಬಲ್ ಮೋಡೆಮ್: ಬಾಡಿಗೆಯೋ, ಸ್ವಂತವೋ?

ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟ ಮಕ್ಕಳ ಪೆಟ್ಟಿಗೆಯಲ್ಲಿ ಚಟ್ನಿಪುಡಿಗೂ ಕುಕ್ಕರಿಗೂ ಜಾಗ ಇರುತ್ತದೆ. ಕಾಲೇಜಿನ ಶುಲ್ಕ, ಮನೆ ಬಾಡಿಗೆ, ಆರೋಗ್ಯ ವಿಮೆ ಇವುಗಳ ಲೆಕ್ಕವನ್ನು ತಂದೆತಾಯಿ ತಿಂಗಳುಗಳ ಮುಂಚೆಯೇ ಹಾಕಿಟ್ಟಿರುತ್ತಾರೆ. ಆದರೆ ಅಲ್ಲಿ ಮನೆ ಹಿಡಿದ ಮೊದಲ ವಾರದಲ್ಲೇ ಎದುರಾಗುವ ಒಂದು ಖರ್ಚು ಸಾಮಾನ್ಯವಾಗಿ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಅದು ಇಂಟರ್‌ನೆಟ್ ಸಂಪರ್ಕದ್ದು. ಮೋಡೆಮ್ ಕಂಪನಿಯದೇ ಬೇಕೋ, ಸ್ವಂತದ್ದು ಇದೆಯೋ ಎಂದು ಕೇಬಲ್ ಕಂಪನಿಯವರು ಕೇಳುತ್ತಾರೆ. ‘ನಿಮ್ಮದೇ ಕೊಡಿ’ ಎಂದು ಅವಸರದಲ್ಲಿ ಹೇಳಿದ ಉತ್ತರ ಓದು ಮುಗಿಯುವವರೆಗೂ ಪ್ರತಿ ತಿಂಗಳ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ.

ಕರ್ನಾಟಕದ ಊರುಗಳಲ್ಲಿ ಈಗ ಹೊಸದಾಗಿ ಸಂಪರ್ಕ ಪಡೆಯುವ ಮನೆಗಳಿಗೆ ಹೆಚ್ಚಾಗಿ ಬರುವುದು ಫೈಬರ್ ಎಳೆ. ಅಮೆರಿಕದಲ್ಲೂ ಫೈಬರ್ ಇದೆ. ಆದರೆ ಹಿಂದೆ ಟೀವಿಗಾಗಿ ಎಳೆದ ದಪ್ಪನೆಯ ಕೋಆಕ್ಸಿಯಲ್ ಕೇಬಲ್ಲಿನ ಮೇಲೆಯೇ ಅಲ್ಲಿನ ಕೋಟ್ಯಂತರ ಮನೆಗಳ ಇಂಟರ್‌ನೆಟ್ ನಡೆಯುತ್ತದೆ. ಈ ಕೇಬಲ್ಲಿನಲ್ಲಿ ಟೀವಿಯ ಒಂದೊಂದು ಚಾನೆಲ್‌ಗೆ 6 ಮೆಗಾಹರ್ಟ್ಸ್ ಅಗಲದ ದಾರಿ. ಹೀಗೆ ಬಿಡುವಾದ ದಾರಿಗಳಲ್ಲಿ ಬರುವ ಸಂಕೇತವನ್ನು ಕಂಪ್ಯೂಟರಿಗೆ ತಿಳಿಯುವಂತೆ ಬದಲಿಸುವುದು, ಕಂಪ್ಯೂಟರಿನ ಮಾತನ್ನು ಕೇಬಲ್ಲಿಗೆ ಒಗ್ಗಿಸಿ ಹಿಂದಕ್ಕೆ ಕಳಿಸುವುದು ಕೇಬಲ್ ಮೋಡೆಮ್‌ನ ಕೆಲಸ. ಆದ್ದರಿಂದ ಮೊದಲು ಮನೆಗೆ ಯಾವ ತಂತಿ ಬಂದಿದೆ ಎಂದು ಮಾಲೀಕರನ್ನು ಕೇಳಿ ತಿಳಿಯಬೇಕು. ಫೈಬರ್ ಬಂದ ಮನೆಗೆ ಕೇಬಲ್ ಮೋಡೆಮ್ ಕೊಂಡರೆ ಅದು ಮೇಜಿನ ಮೇಲಿನ ಅಲಂಕಾರವಷ್ಟೆ.

ಅಂಗಡಿಯಲ್ಲಿ ಮೋಡೆಮ್‌ನ ಡಬ್ಬದ ಮೇಲೆ ‘ಡಾಕ್ಸಿಸ್’ ಎಂಬ ಪದವೂ ಅದರ ಮುಂದೆ ಒಂದು ಅಂಕಿಯೂ ಇರುತ್ತವೆ. ಇದು ಕೇಬಲ್ ಕಂಪನಿಗಳು ಕೂಡಿ ಕಟ್ಟಿಕೊಂಡ ಕೇಬಲ್‌ಲ್ಯಾಬ್ಸ್ ಸಂಸ್ಥೆ ರೂಪಿಸಿದ ನಿಯಮಾವಳಿಯ ಹೆಸರು. ಮೊದಲ ಆವೃತ್ತಿ 1997ರಲ್ಲಿ ಬಂತು. ಯಾವ ಕಂಪನಿ ತಯಾರಿಸಿದ ಮೋಡೆಮ್ ಆದರೂ ಯಾವ ಊರಿನ ಕೇಬಲ್ಲಿನಲ್ಲಾದರೂ ಕೆಲಸ ಮಾಡಲಿ ಎಂಬುದು ಉದ್ದೇಶ. 1999ರ 1.1 ಆವೃತ್ತಿಯಲ್ಲಿ ದೂರವಾಣಿಯ ಮಾತಿಗೆ ಉಳಿದೆಲ್ಲದಕ್ಕಿಂತ ಮೊದಲು ದಾರಿ ಬಿಡುವ ವ್ಯವಸ್ಥೆ ಸೇರಿತು. 2006ರ 3.0 ಆವೃತ್ತಿ ಹಲವು ಚಾನೆಲ್‌ಗಳನ್ನು ಒಟ್ಟಿಗೆ ಬಳಸುವ ಉಪಾಯ ತಂದಿತು. 2013ರ 3.1 ಆವೃತ್ತಿಯಲ್ಲಿ ವೇಗ ಮತ್ತೂ ಹೆಚ್ಚಿತು. 4.0 ಕೂಡ ಬಂದಿದೆ. 2023ರ ಕೊನೆಗೆ ಕಾಮ್‌ಕ್ಯಾಸ್ಟ್ ಕಂಪನಿ ಕೆಲವು ಊರುಗಳಲ್ಲಿ ಅದನ್ನು ಆರಂಭಿಸಿತು. ವಿದ್ಯಾರ್ಥಿಯ ಅಗತ್ಯಕ್ಕೆ 3.1 ಧಾರಾಳವಾಗಿ ಸಾಕು.

ಡಬ್ಬದ ಮೇಲೆ ‘24x8’ ಎಂದಿದ್ದರೆ ಮನೆಗೆ ಬರುವ ದಾರಿಗಳು 24, ಹೊರಹೋಗುವವು 8 ಎಂದು ಅರ್ಥ. 3.0 ಮೋಡೆಮ್‌ನಲ್ಲಿ ಒಂದು ಒಳದಾರಿ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಹೊರುತ್ತದೆ. 8 ದಾರಿಗೆ ಸುಮಾರು 300, 24ಕ್ಕೆ ಸುಮಾರು 900 ಎಂಬ ಲೆಕ್ಕವನ್ನು ಹೈಸ್ಕೂಲಿನ ಹುಡುಗರೂ ಹಾಕಬಹುದು. ತಿಂಗಳಿಗೆ 300 ಮೆಗಾಬಿಟ್‌ನ ಯೋಜನೆ ತೆಗೆದುಕೊಂಡವರು ಸಾವಿರದ ವೇಗದ ಮೋಡೆಮ್ ಕೊಂಡರೆ ವೇಗ ಹೆಚ್ಚಾಗುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಇನ್ನೊಂದು ಮಾತು: ಕೇಬಲ್ಲನ್ನು ಇಡೀ ಬೀದಿಯ ಮನೆಗಳು ಹಂಚಿಕೊಳ್ಳುತ್ತವೆ. ಸಂಜೆ ಎಲ್ಲರೂ ಸಿನಿಮಾ ನೋಡುವ ಹೊತ್ತಿಗೆ ವೇಗ ಕುಗ್ಗಿದರೆ ಅದು ಮೋಡೆಮ್‌ನ ತಪ್ಪಲ್ಲ.

ಈಗ ದೂರವಾಣಿಯ ವಿಷಯ. ಹೆಚ್ಚು ಜನ ಎಡವುವುದು ಇಲ್ಲಿಯೇ. ಸಾಮಾನ್ಯ ಕೇಬಲ್ ಮೋಡೆಮ್‌ನಲ್ಲಿ ಫೋನಿನ ತಂತಿ ಸಿಕ್ಕಿಸುವ ಕಿಂಡಿಯೇ ಇರುವುದಿಲ್ಲ. ಕೇಬಲ್ ಕಂಪನಿಯ ದೂರವಾಣಿ ಬೇಕಾದರೆ ಫೋನಿನ ಕಿಂಡಿಯಿರುವ ಬೇರೆ ಜಾತಿಯ ಮೋಡೆಮ್ ಬೇಕು. ಇಂಥವು ಮಾರುಕಟ್ಟೆಯಲ್ಲಿ ಕಡಿಮೆ, ಬೆಲೆಯೂ ಹೆಚ್ಚು. ಕಿಂಡಿ ಇದ್ದ ಮಾತ್ರಕ್ಕೆ ಸಾಲದು. ಆ ಮಾದರಿಯನ್ನು ದೂರವಾಣಿಗೂ ಒಪ್ಪಿದ್ದೇವೆ ಎಂದು ಕಂಪನಿ ತನ್ನ ಪಟ್ಟಿಯಲ್ಲಿ ಹೇಳಿರಬೇಕು. ಫೋನ್ ಸೇವೆಗೆ ತಮ್ಮ ಮೋಡೆಮ್ ಅಲ್ಲದೆ ಬೇರೆಯದು ನಡೆಯದು ಎನ್ನುವ ಕಂಪನಿಗಳೂ ಇವೆ. ಇಲ್ಲವಾದರೆ ಸಾಮಾನ್ಯ ಮೋಡೆಮ್ ಇಟ್ಟುಕೊಂಡು, ಇಂಟರ್‌ನೆಟ್ ಮೂಲಕ ಫೋನ್ ಸೇವೆ ಕೊಡುವ ಬೇರೊಂದು ಕಂಪನಿಯ ಪುಟ್ಟ ಅಡಾಪ್ಟರ್ ಜೋಡಿಸಿಕೊಳ್ಳಬಹುದು.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಮನೆಗೆ ಫೋನ್ ಏಕೆ ಎಂದು ಯಾರಾದರೂ ಕೇಳಬಹುದು. ಒಬ್ಬನೇ ಇರುವ ವಿದ್ಯಾರ್ಥಿಗೆ ಅದು ಬೇಡವೆಂದೇ ಹೇಳಬೇಕು. ಆದರೆ ಓದು ಮುಗಿಸಿ ಕೆಲಸ ಹಿಡಿದ ಮಗಳ ಮನೆಗೆ ಆರು ತಿಂಗಳಿಗೆಂದು ಹೋದ ತಾಯಿಯ ಸ್ಥಿತಿ ಬೇರೆ. ಮಗಳೂ ಅಳಿಯನೂ ಕೆಲಸಕ್ಕೆ ಹೋದ ಮೇಲೆ ಆಕೆ ದಿನವಿಡೀ ಒಬ್ಬರೇ. ಎದೆನೋವು ಬಂದರೆ, ಒಲೆಯಿಂದ ಹೊಗೆ ಎದ್ದರೆ ಒತ್ತಬೇಕಾದ ಸಂಖ್ಯೆ 911. ಇಂಟರ್‌ನೆಟ್ ಮೂಲಕ ನಡೆಯುವ ಮನೆ ಫೋನುಗಳೂ 911ಕ್ಕೆ ಸಂಪರ್ಕ ಕೊಡಲೇಬೇಕೆಂದು ಅಲ್ಲಿನ ಸಂಪರ್ಕ ಆಯೋಗ 2005ರಲ್ಲಿ ಆದೇಶಿಸಿತು. ಇಂಥ ಫೋನಿನಿಂದ ಕರೆ ಹೋದಾಗ ತುರ್ತು ಸೇವೆಯವರಿಗೆ ಕಾಣಿಸುವುದು ಕಂಪನಿಯಲ್ಲಿ ನೋಂದಾಯಿಸಿದ ವಿಳಾಸ. ವಿಳಾಸವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ಬಾರದವರಿಗೆ ಇದು ದೊಡ್ಡ ಆಸರೆ. ಆದರೆ ಮನೆ ಬದಲಿಸಿದಾಗ ಹೊಸ ವಿಳಾಸ ಬರೆಸದಿದ್ದರೆ ಆಂಬುಲೆನ್ಸ್ ಹಳೆಯ ಮನೆಯ ಬಾಗಿಲು ತಟ್ಟಬಹುದು.

ಕರೆಂಟ್ ಹೋದರೆ ಏನು ಎಂಬುದನ್ನೂ ಯೋಚಿಸಬೇಕು. ಹಳೆಯ ಲ್ಯಾಂಡ್‌ಲೈನ್ ಫೋನಿಗೆ ಎಕ್ಸ್‌ಚೇಂಜಿನಿಂದಲೇ ತಾಮ್ರದ ತಂತಿಯಲ್ಲಿ 48 ವೋಲ್ಟ್ ವಿದ್ಯುತ್ ಬರುತ್ತಿತ್ತು. ಮನೆ ಕತ್ತಲಾದರೂ ಅದು ಮಾತಾಡುತ್ತಿತ್ತು. ಕೇಬಲ್ ಫೋನ್ ಹಾಗಲ್ಲ. ಮೋಡೆಮ್ ಆರಿದರೆ ಫೋನೂ ಸತ್ತಂತೆ. ಕೆಲವು ಮಾದರಿಗಳಿಗೆ ಬ್ಯಾಟರಿ ಹಾಕಿಕೊಳ್ಳಬಹುದು, ಅದನ್ನು ಬಹುಮಟ್ಟಿಗೆ ಬೇರೆಯಾಗಿಯೇ ಕೊಳ್ಳಬೇಕು. ಚಳಿಗಾಲದ ಹಿಮಗಾಳಿಗೆ ದಿನಗಟ್ಟಲೆ ವಿದ್ಯುತ್ ನಿಲ್ಲುವ ಊರುಗಳಲ್ಲಿ ಬ್ಯಾಟರಿಯ ಜೊತೆಗೆ ಚಾರ್ಜ್ ಆದ ಮೊಬೈಲ್ ಒಂದು ಅಮ್ಮನ ಕೈಗೆ ಸಿಗುವಂತಿರಬೇಕು.

ಇನ್ನು ಹಣದ ಲೆಕ್ಕ. ಮೋಡೆಮ್ ಬಾಡಿಗೆ ತಿಂಗಳಿಗೆ 15 ಡಾಲರ್ ಎಂದಿಟ್ಟುಕೊಂಡರೆ ಎರಡು ವರ್ಷದ ಓದಿಗೆ 360 ಡಾಲರ್. ಸ್ವಂತ ಮೋಡೆಮ್ 150 ಡಾಲರಿಗೆ ಸಿಕ್ಕರೆ ಹತ್ತೇ ತಿಂಗಳಲ್ಲಿ ಹಣ ಹುಟ್ಟಿತು. ಫೋನಿನ ಕಿಂಡಿ ಇರುವುದಕ್ಕೆ 210 ಡಾಲರ್ ಕೊಟ್ಟರೆ ಹದಿನಾಲ್ಕು ತಿಂಗಳು ಹಿಡಿಯುತ್ತದೆ. ಆದರೆ ಆರೇ ತಿಂಗಳಿಗೆ ಊರು ಬಿಡುವವರಿಗೆ ಬಾಡಿಗೆಯೇ ಮೇಲು. ಬಾಡಿಗೆಯಿಲ್ಲದೆ ಮೋಡೆಮ್ ಕೊಡುವ ಯೋಜನೆಗಳೂ ಇರುವುದರಿಂದ ಅದನ್ನು ಕೇಳದೆ ಅಂಗಡಿಗೆ ಹೋಗಬಾರದು. ಸ್ವಂತ ಮೋಡೆಮ್ ಇಟ್ಟುಕೊಂಡವರಿಂದ ಬಾಡಿಗೆ ವಸೂಲು ಮಾಡಕೂಡದು ಎಂಬ ಕಾನೂನು 2020ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಆದರೂ ಮೊದಲ ಎರಡು ಬಿಲ್ಲುಗಳನ್ನು ಕಣ್ಣಿಟ್ಟು ನೋಡುವುದು ಒಳ್ಳೆಯದು.

ಹಿರಿಯ ವಿದ್ಯಾರ್ಥಿಗಳು ಊರು ಬಿಡುವಾಗ ಹಳೆಯ ಮೋಡೆಮ್ ಅಗ್ಗಕ್ಕೆ ಮಾರುವುದುಂಟು. ಕೊಳ್ಳುವ ಮುಂಚೆ ಅದು ಹಳೆಯ ಮಾಲೀಕರ ಖಾತೆಯಿಂದ ಬಿಡುಗಡೆಯಾಗಿದೆಯೇ ಎಂದು ವಿಚಾರಿಸಬೇಕು. ಕಂಪನಿಯ ಆಸ್ತಿಯಾದ ಬಾಡಿಗೆ ಮೋಡೆಮ್ಮನ್ನೇ ಯಾರಾದರೂ ಮಾರುತ್ತಿಲ್ಲವಷ್ಟೆ ಎಂಬುದನ್ನೂ ನೋಡಬೇಕು. ಮೋಡೆಮ್‌ನ ಒಳಗಿನ ತಂತ್ರಾಂಶವನ್ನು ಹೊಸದು ಮಾಡುವುದು ಮಾಲೀಕರಲ್ಲ, ಕೇಬಲ್ ಕಂಪನಿ. ಪಟ್ಟಿಯಿಂದ ಬಿಟ್ಟುಹೋದ ಮಾದರಿಗೆ ಆ ಭಾಗ್ಯವಿಲ್ಲ. ಇಂಟೆಲ್‌ನ ಪ್ಯೂಮಾ 6 ಚಿಪ್ ಇದ್ದ ಮೋಡೆಮ್‌ಗಳಲ್ಲಿ ಸಂಪರ್ಕ ಆಗಾಗ ತಡವರಿಸುವ ದೋಷ 2016ರಲ್ಲಿ ಬಯಲಾಗಿ ದೊಡ್ಡ ಸುದ್ದಿಯಾಗಿತ್ತು. ಆನ್‌ಲೈನ್ ಸಂದರ್ಶನದಲ್ಲಿ ಕುಳಿತವರಿಗೆ ಅಂಥ ತಡವರಿಕೆ ಬಹಳ ದುಬಾರಿ.

ಮೋಡೆಮ್ ಮನೆಗೆ ಬಂದ ಮೇಲೂ ಒಂದೆರಡು ಎಚ್ಚರಿಕೆಗಳಿವೆ. ಗೋಡೆಯ ಕಿಂಡಿಯಿಂದ ಬಂದ ಕೇಬಲ್ಲನ್ನು ನೇರವಾಗಿ ಮೋಡೆಮ್‌ಗೇ ತಿರುಪಬೇಕು. ನಡುವೆ ಎರಡು ಕವಲಿನ ಒಂದು ಸ್ಪ್ಲಿಟರ್ ಬಂದರೆ ಪ್ರತಿ ಕವಲಿಗೂ ಸಿಗುವ ಸಂಕೇತದ ಬಲ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ವೈ-ಫೈ ರೌಟರ್ ಬೇರೆಯಾಗಿಯೇ ಕೊಂಡರೆ ಮುಂದೆ ಫೈಬರ್ ಮನೆಗೆ ಹೋದಾಗಲೂ ಅದು ಉಪಯೋಗಕ್ಕೆ ಬರುತ್ತದೆ. ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದು ಅಚ್ಚಾಗಿದ್ದರೆ ಊರಿಗೂ ತರಬಹುದು. ಮೋಡೆಮ್ ಮಾತ್ರ ಇಲ್ಲಿನ ಫೈಬರ್ ಸಂಪರ್ಕಕ್ಕೆ ಬಾರದು. ಅದನ್ನು ಅಲ್ಲಿಯೇ ಮುಂದಿನವರಿಗೆ ದಾಟಿಸಿ ಬರುವುದೇ ಜಾಣತನ.

ನಾಲ್ವರು ಗೆಳೆಯರು ಒಂದೇ ಮನೆಯಲ್ಲಿದ್ದರೆ ಸಂಪರ್ಕ ಯಾರ ಹೆಸರಿನಲ್ಲಿದೆಯೋ ಬಾಕಿಗೆ ಹೊಣೆ ಅವರೇ. ಬಾಡಿಗೆ ಮೋಡೆಮ್ ಹಿಂದಿರುಗಿಸಿದ ದಿನ ರಶೀತಿ ಪಡೆದು ಅದರ ಚಿತ್ರ ತೆಗೆದಿಟ್ಟುಕೊಳ್ಳುವುದು ಕ್ಷೇಮ. ಮಕ್ಕಳು ವಿಮಾನ ಹತ್ತುವ ಮುಂಚೆ ತಂದೆತಾಯಿ ಅವರೊಡನೆ ಕುಳಿತು ನಾಲ್ಕು ಪ್ರಶ್ನೆ ಬರೆದುಕೊಂಡರೆ ಸಾಕು: ಮನೆಗೆ ಯಾವ ತಂತಿ ಬಂದಿದೆ? ಕಂಪನಿ ಒಪ್ಪುವ ಮಾದರಿಗಳು ಯಾವುವು? ಫೋನ್ ನಿಜಕ್ಕೂ ಬೇಕೇ? ಆ ಮನೆಯಲ್ಲಿ ಎಷ್ಟು ತಿಂಗಳ ವಾಸ? ಈ ನಾಲ್ಕಕ್ಕೆ ಉತ್ತರ ಸಿಕ್ಕ ಮೇಲೆ ಅಂಗಡಿಯವರ ಮಾತಿಗೆ ಮರುಳಾಗುವ ಭಯವಿಲ್ಲ.