ಬ್ಯಾಟರಿ ಸತ್ತಿತೆಂದು ಕಾರು ಮಾರಬೇಕೆ?

ಪ್ರತಿ ಚಳಿಗಾಲದಲ್ಲೂ ನಮ್ಮ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ತಪ್ಪದೇ ಬರುತ್ತದೆ. "ಹದಿನಾಲ್ಕು ವರ್ಷದ ಕಾರು, ಬೆಳಿಗ್ಗೆ ಸ್ಟಾರ್ಟೇ ಆಗ್ತಿಲ್ಲ. ಹೋದ ವರ್ಷ ತಾನೇ ಬ್ಯಾಟರಿ ಹಾಕಿಸಿದ್ದೆ. ಏನ್ ಮಾಡ್ಲಿ?" ಐದು ನಿಮಿಷದಲ್ಲಿ ಉತ್ತರವೂ ಸಿದ್ಧ: "ಮಾರಿಬಿಡಿ ಸಾರ್, ಹೊಸದು ತಗೊಳ್ಳಿ." ಶನಿವಾರ ಡೀಲರ್ ಹತ್ತಿರ ಹೋಗುವುದು, ಸೋಮವಾರದಿಂದ 60 ತಿಂಗಳ ಸಾಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಾರು ಸ್ಟಾರ್ಟ್ ಆಗದ ವಾರದಲ್ಲಿ ಹೊಸ ಕಾರು ಕೊಳ್ಳಬೇಡಿ. ಇಪ್ಪತ್ತು ಡಾಲರಿನ ಮಲ್ಟಿಮೀಟರ್ ಹಿಡಿದು ಅರ್ಧ ಗಂಟೆ ಕಳೆಯದೆ 30,000 ಡಾಲರಿನ ನಿರ್ಧಾರ ಮಾಡಬೇಡಿ. ಹಾಗೆಯೇ, ಅಳೆದು ನೋಡದೆ ಒಂದೊಂದೇ ಬಿಡಿಭಾಗ ಬದಲಾಯಿಸುವ ಗ್ಯಾರೇಜಿಗೂ ದುಡ್ಡು ಸುರಿಯಬೇಡಿ.

ತಪ್ಪು ಹೋಲಿಕೆ

"ಮೂರು ಸಾವಿರ ಡಾಲರ್ ಬಾಳುವ ಕಾರಿಗೆ ಒಂಬೈನೂರು ಡಾಲರ್ ರಿಪೇರಿಯೇ?" ಇದು ನಾನು ಹೆಚ್ಚು ಕೇಳುವ ವಾದ. ಕೇಳಲು ಸರಿ ಎನಿಸುತ್ತದೆ, ಆದರೆ ಲೆಕ್ಕ ತಪ್ಪು. ನಾವು ಆ ಕಾರನ್ನು ಮಾರಲು ಹೊರಟಿಲ್ಲ, ಓಡಿಸಲು ಇಟ್ಟುಕೊಂಡಿದ್ದೇವೆ. ಹಾಗಾಗಿ ರಿಪೇರಿ ಖರ್ಚನ್ನು ಕಾರಿನ ಮಾರಾಟ ಬೆಲೆಯ ಜೊತೆ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ. ಮುಂದಿನ ಹನ್ನೆರಡು ತಿಂಗಳು ಓಡಾಡಲು ಬೇರೆ ದಾರಿಗೆ ಎಷ್ಟು ಖರ್ಚಾಗುತ್ತದೆ ಎಂಬುದರ ಜೊತೆ ನೋಡಬೇಕು.

ಉದಾಹರಣೆಗೆ 30,000 ಡಾಲರ್ ಸಾಲ, ಶೇ. 7 ಬಡ್ಡಿ, 60 ತಿಂಗಳು ಎಂದುಕೊಳ್ಳಿ. ಕಂತು ತಿಂಗಳಿಗೆ ಸುಮಾರು 594 ಡಾಲರ್. ಐದು ವರ್ಷದಲ್ಲಿ ಬಡ್ಡಿಯೇ 5,600 ಡಾಲರ್ ದಾಟುತ್ತದೆ. ಸಾಲ ಇರುವವರೆಗೆ ಪೂರ್ಣ ವಿಮೆಯನ್ನೂ ಮಾಡಿಸಲೇಬೇಕು.

ಇನ್ನೊಂದು ಕಡೆ, ನಾನಿರುವ ಶಿಕಾಗೋ ಸುತ್ತಮುತ್ತ ಬ್ಯಾಟರಿಗೆ ಸುಮಾರು 150ರಿಂದ 250 ಡಾಲರ್, ಆಲ್ಟರ್ನೇಟರ್‌ಗೆ ಕೂಲಿ ಸೇರಿ 500ರಿಂದ 900, ತಪಾಸಣೆಗೆ 150ರಿಂದ 200. ಮೂರೂ ಒಟ್ಟಿಗೆ, ಮೂರೂ ಗರಿಷ್ಠ ದರದಲ್ಲಿ ಬಂದರೂ 1,350 ಡಾಲರ್. ಅಂದರೆ ಹೊಸ ಕಾರಿನ ಎರಡೂಕಾಲು ಕಂತು. ಅದೂ ಎಲ್ಲವೂ ಕೆಟ್ಟಿದ್ದರೆ ಮಾತ್ರ. ಸಾಮಾನ್ಯವಾಗಿ ಕೆಟ್ಟಿರುವುದು ಒಂದೇ. ಅದು ಯಾವುದು ಎಂದು ತಿಳಿಯುವುದೇ ಇಲ್ಲಿನ ಕೆಲಸ.

ಮೂರು ಅಂಕಿ, ಮೂರು ಉತ್ತರ

ಹೂಡಿಕೆಯಲ್ಲಿ ಹೇಗೋ ಇಲ್ಲೂ ಹಾಗೆ: ಅಗ್ಗದ ಪರೀಕ್ಷೆ ಮೊದಲು, ದುಬಾರಿ ಪರೀಕ್ಷೆ ಕೊನೆಗೆ. ಮೊದಲು ಬಾನೆಟ್ ತೆರೆದು ಕಣ್ಣಿಂದ ನೋಡಿ. ಟರ್ಮಿನಲ್ ಮೇಲೆ ಬಿಳಿ ಅಥವಾ ನೀಲಿ-ಹಸಿರು ಪುಡಿ ಕಟ್ಟಿದೆಯೇ? ಕ್ಲಾಂಪ್ ಕೈಯಲ್ಲಿ ತಿರುಗಿಸಿದರೆ ಅಲುಗುತ್ತದೆಯೇ? ಬೆಲ್ಟ್ ಸಡಿಲವಾಗಿದೆಯೇ, ಬಿರುಕು ಬಿಟ್ಟಿದೆಯೇ? ಪುಡಿ ಇದ್ದರೆ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಕಳಚಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಉಜ್ಜಿ ಒರೆಸಿ. ಎಷ್ಟೋ ಕಾರುಗಳ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಆಮೇಲೆ ಮೀಟರ್. ಡಿಸಿ 20 ವೋಲ್ಟ್‌ಗೆ ಇಟ್ಟು ಬ್ಯಾಟರಿಯ ಎರಡು ಕಂಬಗಳ ಮೇಲೆ ಮುಟ್ಟಿಸಿ.

ಒಂದು: ಕಾರು ರಾತ್ರಿಯಿಡೀ ನಿಂತ ಮೇಲೆ ಸುಮಾರು 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಹತ್ತಿರಹತ್ತಿರ ಅರ್ಧ. 11.9ಕ್ಕಿಂತ ಕೆಳಗೆ ಅಂದರೆ ಬರಿದು.

ಎರಡು: ಒಬ್ಬರು ಸ್ಟಾರ್ಟ್ ಮಾಡುವಾಗ ಇನ್ನೊಬ್ಬರು ಮೀಟರ್ ನೋಡಿ. 9.6ಕ್ಕಿಂತ ಕೆಳಗೆ ಕುಸಿದರೆ, ಅದೂ ಬ್ಯಾಟರಿ ತುಂಬಿದ್ದಾಗ, ಬ್ಯಾಟರಿ ದುರ್ಬಲವಾಗಿದೆ ಎಂದೇ ಲೆಕ್ಕ. ಕಡುಚಳಿಯಲ್ಲಿ ಮಾತ್ರ ಇನ್ನೂ ಸ್ವಲ್ಪ ಕೆಳಗಿಳಿಯುವುದು ಸಹಜ.

ಮೂರು: ಇಂಜಿನ್ ಓಡುತ್ತಿರುವಾಗ 13.7ರಿಂದ 14.7ರ ನಡುವೆ ಇರಬೇಕು. ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿದರೂ 13ಕ್ಕಿಂತ ಮೇಲೆಯೇ ನಿಲ್ಲಬೇಕು. 12.4, 12.3 ಎಂದು ಇಳಿಯುತ್ತಾ ಹೋದರೆ ಆಲ್ಟರ್ನೇಟರ್, ಬೆಲ್ಟ್ ಅಥವಾ ನಡುವಿನ ತಂತಿ ಕೈಕೊಟ್ಟಿದೆ. ಹೊಸ ಬ್ಯಾಟರಿ ಹಾಕಿದರೆ ಅದೂ ಬೇಗನೆ ಸಾಯುತ್ತದೆ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಬೇಯಿಸುತ್ತಿದೆ. ಇತ್ತೀಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ವೋಲ್ಟೇಜನ್ನು ಏರಿಳಿಸುತ್ತದೆ, ಆದರೆ ಹಳೆಯ ಕಾರಿಗೆ ಈ ಅಳತೆ ಸಾಕು.

ಮೀಟರ್ ಬೇಡವೆನ್ನುವವರಿಗೂ ನೆಪವಿಲ್ಲ. ಅಮೆರಿಕದಲ್ಲಿ ಬಿಡಿಭಾಗ ಮಾರುವ ದೊಡ್ಡ ಅಂಗಡಿಗಳು ಬ್ಯಾಟರಿ, ಆಲ್ಟರ್ನೇಟರ್ ಎರಡನ್ನೂ ಸಾಮಾನ್ಯವಾಗಿ ಉಚಿತವಾಗಿಯೇ ಪರೀಕ್ಷಿಸಿಕೊಡುತ್ತವೆ.

ಒಂದು ಎಚ್ಚರಿಕೆ. ಊರಿನ ಹಳೆಯ ಗ್ಯಾರೇಜುಗಳಲ್ಲಿ ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ತಂತಿ ಕಳಚಿ "ಆಲ್ಟರ್ನೇಟರ್ ಸರಿಯಿದೆಯಾ" ಎಂದು ನೋಡುವುದನ್ನು ನೀವೂ ಕಂಡಿರಬಹುದು. ಇಲ್ಲಿ ಅದನ್ನು ಮಾಡಬೇಡಿ. ಆ ಕ್ಷಣದಲ್ಲಿ ವೋಲ್ಟೇಜ್ ಜಿಗಿದು ಕಾರಿನ ಕಂಪ್ಯೂಟರೇ ಸುಡಬಹುದು. ಆಗ ರಿಪೇರಿ ನಿಜಕ್ಕೂ ಸಾವಿರಗಳಿಗೆ ಹೋಗುತ್ತದೆ.

ಊರಿಗೆ ಹೋಗಿ ಬಂದ ಮೇಲೆ

ನಮ್ಮವರ ಕಾರುಗಳಿಗೇ ಹೆಚ್ಚಾಗಿ ಬರುವ ತೊಂದರೆ ಇದು. ಡಿಸೆಂಬರಿನಲ್ಲಿ ಐದು ವಾರ ಬೆಂಗಳೂರು, ಮೈಸೂರು ಎಂದು ತಿರುಗಿ ಬರುತ್ತೇವೆ. ಬಂದು ಕೀಲಿ ತಿರುಗಿಸಿದರೆ ಬರೀ ಟಿಕ್ ಟಿಕ್.

ನಿಂತ ಕಾರೂ ಕರೆಂಟು ಕುಡಿಯುತ್ತದೆ. ಗಡಿಯಾರ, ಅಲಾರಂ, ಲಾಕ್ ಎಲ್ಲ ಸೇರಿ 50 ಮಿಲಿಆಂಪ್‌ವರೆಗೆ ಸಹಜ. ದಿನಕ್ಕೆ 1.2 ಆಂಪ್-ಅವರ್, 35 ದಿನಕ್ಕೆ 42. ಸಾಧಾರಣ 60 ಆಂಪ್-ಅವರ್ ಬ್ಯಾಟರಿಯಲ್ಲಿ ಉಳಿಯುವುದು 18. ಅದರ ಮೇಲೆ ಚಳಿ: ಸೊನ್ನೆ ಫ್ಯಾರನ್‌ಹೀಟ್‌ನಲ್ಲಿ, ಅಂದರೆ ಮೈನಸ್ 18 ಸೆಲ್ಸಿಯಸ್‌ನಲ್ಲಿ, ಬ್ಯಾಟರಿಯ ಶಕ್ತಿ ಅರ್ಧಕ್ಕೋ ಅದಕ್ಕಿಂತ ಕೆಳಗೋ ಇಳಿಯುತ್ತದೆ. ಸ್ಟಾರ್ಟ್ ಆಗದಿದ್ದರೆ ಅದು ಕಾರಿನ ದೋಷವಲ್ಲ, ಬರೀ ಗಣಿತ. ಹೊರಡುವ ಮುನ್ನ ನೆಗೆಟಿವ್ ತಂತಿ ಕಳಚಿಡಿ, ಅಥವಾ ಗ್ಯಾರೇಜಿನಲ್ಲಿ ನಲವತ್ತು ಡಾಲರಿನ ಮೇಂಟೇನರ್ ಚಾರ್ಜರ್ ಹಾಕಿಡಿ. ಬಂದ ಮೇಲೆ ಜಂಪ್ ಕೊಟ್ಟು ಹಾಗೇ ಓಡಿಸುತ್ತಾ ಆಲ್ಟರ್ನೇಟರ್ ಮೇಲೆ ಭಾರ ಹಾಕುವ ಬದಲು ಚಾರ್ಜರಿನಿಂದ ರಾತ್ರಿಯಿಡೀ ತುಂಬಿಸಿ. ಬರಿದಾದ ಬ್ಯಾಟರಿ ಹೆಪ್ಪುಗಟ್ಟಿ ಉಬ್ಬಿದ್ದರೆ ಮಾತ್ರ ಜಂಪ್ ಕೊಡಲು ಹೋಗಲೇಬೇಡಿ, ಅದು ಸಿಡಿಯಬಹುದು.

ನಾಲ್ಕೇ ದಿನ ನಿಲ್ಲಿಸಿದ್ದಕ್ಕೆ ಬರಿದಾದರೆ ಕಥೆ ಬೇರೆ. 300 ಮಿಲಿಆಂಪ್ ಸೋರಿದರೆ ನಾಲ್ಕು ದಿನಕ್ಕೆ ಸುಮಾರು 29 ಆಂಪ್-ಅವರ್, ಅರ್ಧ ಬ್ಯಾಟರಿ ಖಾಲಿ. ಡಿಕ್ಕಿಯ ದೀಪ, ಸದಾ ಚುಚ್ಚಿಟ್ಟ ಡ್ಯಾಶ್‌ಕ್ಯಾಮ್, ಆಲ್ಟರ್ನೇಟರ್ ಒಳಗಿನ ಕೆಟ್ಟ ಡಯೋಡ್, ಇವೇ ಸಾಮಾನ್ಯ ಕಳ್ಳರು. ಆಗ ಬ್ಯಾಟರಿ ಬದಲಿಸಿದರೆ ಕಳ್ಳನಿಗೆ ಹೊಸ ತಿಜೋರಿ ಕೊಟ್ಟಂತೆ.

ನನ್ನ ಪರಿಚಯದವರೊಬ್ಬರು ಒಂದೇ ವರ್ಷದಲ್ಲಿ ಎರಡು ಬ್ಯಾಟರಿ, ಒಂದು ಆಲ್ಟರ್ನೇಟರ್ ಹಾಕಿಸಿದರು. ಕೊನೆಗೆ ಸಿಕ್ಕಿದ್ದು ಇಂಜಿನ್‌ನಿಂದ ಬಾಡಿಗೆ ಹೋಗುವ ಗ್ರೌಂಡ್ ತಂತಿ, ಚಳಿಗಾಲದ ರಸ್ತೆ ಉಪ್ಪಿನಲ್ಲಿ ತುಕ್ಕು ಹಿಡಿದು ಎಳೆ ಎಳೆಯಾಗಿತ್ತು. ಇಂಜಿನ್ ಓಡುತ್ತಿರುವಾಗ ಆಲ್ಟರ್ನೇಟರ್‌ನ ಲೋಹದ ಮೈಗೂ ಬ್ಯಾಟರಿಯ ನೆಗೆಟಿವ್‌ಗೂ ಮೀಟರ್ ಹಿಡಿದಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ಅಲ್ಲಿ 0.2 ವೋಲ್ಟಿಗಿಂತ ಹೆಚ್ಚು ಕಂಡರೆ ತಂತಿಯಲ್ಲೇ ತೊಂದರೆ. ಗ್ಯಾರೇಜಿಗೆ ಹೋದಾಗ "ಯಾವ ಭಾಗ ಬದಲಿಸುತ್ತೀರಿ" ಎಂದು ಕೇಳುವ ಮುಂಚೆ "ಏನು ಅಳೆದಿರಿ, ಎಷ್ಟು ಬಂತು" ಎಂದು ಕೇಳಿ. ಅಂಕಿ ಹೇಳಲಾಗದವರಿಗೆ ಆಲ್ಟರ್ನೇಟರ್ ಬದಲಿಸುವ ಅನುಮತಿ ಕೊಡಬೇಡಿ.

ಮಾರಬೇಕಾದ್ದು ಯಾವಾಗ

ಹಳೆಯ ಕಾರನ್ನು ಸಾಯುವವರೆಗೂ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಫ್ರೇಮ್ ತುಕ್ಕು ಹಿಡಿದಿದ್ದರೆ, ಗೇರ್‌ಬಾಕ್ಸ್ ಜಾರುತ್ತಿದ್ದರೆ, ಕಾರು ಒಮ್ಮೆ ನೆರೆಯಲ್ಲಿ ಮುಳುಗಿದ್ದರೆ ಕೈಬಿಡಿ. ಸುರಕ್ಷತೆಯೂ ನ್ಯಾಯವಾದ ಕಾರಣ. ಜಾರುವ ರಸ್ತೆಯಲ್ಲಿ ಹಿಡಿತ ಉಳಿಸುವ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಅಮೆರಿಕದಲ್ಲಿ 2012ರ ಮಾಡೆಲ್‌ನಿಂದ ಕಡ್ಡಾಯವಾಯಿತು. ಅದಕ್ಕಿಂತ ಹಳೆಯ, ಆ ಸೌಲಭ್ಯವಿಲ್ಲದ ಕಾರಿನಲ್ಲಿ ಮಕ್ಕಳನ್ನು ಹಿಮದಲ್ಲಿ ಕರೆದೊಯ್ಯುವವರು ಬದಲಿಸುವ ಯೋಚನೆ ಮಾಡಲಿ. ಕಳೆದ ಹನ್ನೆರಡು ತಿಂಗಳ ರಿಪೇರಿ ಬಿಲ್ಲುಗಳನ್ನು ಕೂಡಿಸಿ. ಹೊಸ ಕಾರಿನ ಆರು ತಿಂಗಳ ಕಂತನ್ನು, ನಮ್ಮ ಉದಾಹರಣೆಯಲ್ಲಿ ಸುಮಾರು 3,560 ಡಾಲರನ್ನು, ದಾಟುತ್ತಿದ್ದರೆ ಹುಡುಕಾಟ ಶುರು ಮಾಡಿ. ನಿಧಾನವಾಗಿ, ನಾಲ್ಕು ಕಡೆ ವಿಚಾರಿಸಿ. ತುರ್ತು ಎಂದು ಗೊತ್ತಾದ ಗಿರಾಕಿಗೆ ಯಾವ ಡೀಲರೂ ಬೆಲೆ ಇಳಿಸುವುದಿಲ್ಲ. ಅಗತ್ಯ ಬಿದ್ದರೆ ಒಂದು ವಾರ ಬಾಡಿಗೆ ಕಾರು ತೆಗೆದುಕೊಳ್ಳಿ, ಅದೇ ಅಗ್ಗ.

ಆದರೆ ಸತ್ತ ಬ್ಯಾಟರಿ ಈ ಪಟ್ಟಿಯಲ್ಲಿಲ್ಲ. ಬ್ಯಾಟರಿ ಬಳಸಿ ಬಿಸಾಡುವ ವಸ್ತು. ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ, ದುಬೈ, ದೋಹಾದ ಬಿಸಿಲಿನಲ್ಲಿ ಇನ್ನೂ ಕಡಿಮೆ. ಟೈರ್ ಸವೆಯಿತೆಂದು ಯಾರೂ ಕಾರು ಮಾರುವುದಿಲ್ಲ.

ಹೊಸ ಕಾರನ್ನು ಮೂರು ವರ್ಷ ಮುಂದಕ್ಕೆ ಹಾಕಿದರೆ ಕಟ್ಟದೆ ಉಳಿಯುವ ಕಂತು 21,000 ಡಾಲರಿಗೂ ಹೆಚ್ಚು. ಪ್ರತಿ ವರ್ಷ 1,350 ಡಾಲರ್ ರಿಪೇರಿ ಬಂದೇ ಬರುತ್ತದೆ ಎಂದುಕೊಂಡರೂ 17,000ದಷ್ಟು ಕೈಯಲ್ಲಿರುತ್ತದೆ. ನಮ್ಮಲ್ಲಿ ಹಲವರಿಗೆ ಊರಿನಲ್ಲಿ ಎಪ್ಪತ್ತು ದಾಟಿದ ಅಪ್ಪ-ಅಮ್ಮ ಇದ್ದಾರೆ. ನಡುರಾತ್ರಿ ಫೋನ್ ಬಂದರೆ ಮರುದಿನದ ವಿಮಾನಕ್ಕೂ ಆಸ್ಪತ್ರೆಯ ಮುಂಗಡಕ್ಕೂ ಬೇಕಾಗುವುದು ಈ ದುಡ್ಡೇ. ವೀಸಾ ನಂಬಿಕೊಂಡಿರುವವರಿಗೆ ಕೆಲಸ ಹೋದ ತಿಂಗಳು ದಾಟಿಸುವುದೂ ಇದೇ. ದೇವಸ್ಥಾನದ ಪಾರ್ಕಿಂಗಿನಲ್ಲಿ ಪಕ್ಕದ ಕಾರು ಹೊಸದಿರಬಹುದು, ಅದರ ಕಂತು ಕಟ್ಟುವವರು ಅವರು.

ಈ ವಾರಾಂತ್ಯ ಮಲ್ಟಿಮೀಟರ್ ಒಂದನ್ನು ತಂದು ನಿಮ್ಮ ಕಾರಿನ ಮೂರು ಅಂಕಿಗಳನ್ನು ಬರೆದಿಡಿ. ಕಾರು ಸರಿಯಿರುವಾಗ ಅಳೆದಿಟ್ಟ ಅಂಕಿ ಕೆಟ್ಟ ದಿನ ಕೈಹಿಡಿಯುತ್ತದೆ.