ಲಕ್ಕಮ್ಮನ ಲೆಕ್ಕ, ಯಂತ್ರದ ಲೆಕ್ಕ

ಕ್ಯಾತನಹಳ್ಳಿಯ ಸುತ್ತ ನಾಲೆಯ ನೀರಿದೆ; ಭತ್ತ, ಕಬ್ಬು ಬೆಳೆಯುತ್ತವೆ. ಆದರೂ ರೇಷನ್ ಕೊಡುವ ದಿನ ನಮ್ಮ ಕಡೆಯ ಯಾವ ಊರಿಗೆ ಹೋದರೂ ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದವರ ಸಾಲು ಇರುತ್ತದೆ. ಗದ್ದೆಯಲ್ಲಿ ನಾಟಿ ಹಾಕಿದ ಕೈಯೇ ಅಲ್ಲಿ ಅಕ್ಕಿಗಾಗಿ ಯಂತ್ರದ ಮೇಲೆ ಬೆರಳಿಡುತ್ತದೆ. ಕಳೆ ಕಿತ್ತು, ಪಾತ್ರೆ ತಿಕ್ಕಿ ಸವೆದ ಬೆರಳನ್ನು ಯಂತ್ರ ಎಷ್ಟೋ ಸಲ ಗುರುತಿಸುವುದಿಲ್ಲ. 'ನಾಳೆ ಬಾರಮ್ಮ' ಎನ್ನುತ್ತಾರೆ. ಆ ನಾಳೆಗೆ ಒಂದು ದಿನದ ಕೂಲಿ ಹೋಗುತ್ತದೆ.

ಈಗ ಇದೇ ಹಂಚಿಕೆಗೆ ಕೃತಕ ಬುದ್ಧಿಮತ್ತೆ ಬರಲಿ ಎನ್ನುವವರಿದ್ದಾರೆ. ಯಂತ್ರಕ್ಕೆ ಜಾತಿಯಿಲ್ಲ, ಅದು ಲಂಚ ಕೇಳುವುದಿಲ್ಲ ಎಂದು ನಮ್ಮ ಯುವಕರೂ ಹೇಳುತ್ತಾರೆ. ನಾನು ಯಂತ್ರದ ವಿರೋಧಿಯಲ್ಲ. ಆದರೆ ಪಕ್ಕದ ತೆಲಂಗಾಣದಲ್ಲಿ ಏನಾಯಿತು ನೋಡಿ. 'ಸಮಗ್ರ ವೇದಿಕ' ಎಂಬ ಗಣಕ ವ್ಯವಸ್ಥೆ ಹಲವು ಇಲಾಖೆಗಳ ಪಟ್ಟಿಗಳನ್ನು ಹೋಲಿಸಿ ಯಾರು ಅನರ್ಹರೆಂದು ಹೇಳುತ್ತಿತ್ತು. ಸೈಕಲ್ ರಿಕ್ಷಾ ತುಳಿದು ಬದುಕಿದವನ ಹೆಂಡತಿಯೊಬ್ಬಳ ಮನೆಯಲ್ಲಿ ಕಾರಿದೆ ಎಂದು ಅದು ಹೇಳಿತು. ಕಾರು ಅದೇ ರೀತಿಯ ಹೆಸರಿನ ಬೇರೊಬ್ಬನದು. 2022ರಲ್ಲಿ ಸುಪ್ರೀಂ ಕೋರ್ಟ್, ರದ್ದಾಗಿದ್ದ ಸುಮಾರು 19 ಲಕ್ಷ ಕಾರ್ಡುಗಳನ್ನು ಮತ್ತೆ ಪರಿಶೀಲಿಸಿ ಎಂದು ಆದೇಶಿಸಬೇಕಾಯಿತು. ನಮ್ಮಲ್ಲೂ 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾಗಿ ಗದ್ದಲವೆದ್ದ ಮೇಲೆ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ವಾಪಸ್ ಕೊಡಿ ಎಂದು ಸರ್ಕಾರವೇ ಹೇಳಿತು.

ಯಂತ್ರದಿಂದ ಒಳ್ಳೆಯದೂ ಆಗಿದೆ. 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಅನ್ನ ಚಕ್ರ' ಗೋದಾಮಿನಿಂದ ಅಂಗಡಿಗೆ ಧಾನ್ಯ ಸಾಗಿಸುವ ಹತ್ತಿರದ ದಾರಿಯನ್ನು ಲೆಕ್ಕ ಹಾಕುತ್ತದೆ. ಲಾರಿ ಸುತ್ತಾಟ ತಪ್ಪಿದರೆ ಡೀಸೆಲ್ ಉಳಿಯುತ್ತದೆ, ಹೊಗೆ ಕಡಿಮೆಯಾಗುತ್ತದೆ. ಇನ್ನೂ ಮುಂದೆ ಹೋಗಬಹುದು. 2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿ ಹೊರಗಿನಿಂದ ಸಿಗದೆ ತಲೆಗೆ 170 ರೂಪಾಯಿ ಹಣ ಕೊಡಬೇಕಾಯಿತು. ನಾಗಮಂಗಲದ, ಕೆ.ಆರ್. ಪೇಟೆಯ ಹೊಲಗಳ ರಾಗಿ ಆಗ ಎಲ್ಲಿತ್ತು? ಮಳೆ, ಬೆಳೆ, ಬೇಡಿಕೆ ನೋಡಿ ಇಷ್ಟು ರಾಗಿಯನ್ನು ಇಲ್ಲೇ ಕೊಂಡು ಇಲ್ಲೇ ಹಂಚಿ ಎಂದು ಯಂತ್ರ ಹೇಳಲಿ. ಭತ್ತಕ್ಕೆ ಬೇಕಾದಷ್ಟು ನೀರು ರಾಗಿಗೆ ಬೇಡ. ಮದ್ದೂರು, ಮಳವಳ್ಳಿಯ ನಾಲೆಯ ಕೊನೆಯ ರೈತರಿಗೆ ಇದು ವಿವರಿಸಬೇಕಿಲ್ಲ.

ಅಂದರೆ ಮೂಟೆಯ ಲೆಕ್ಕ ಯಂತ್ರಕ್ಕೆ ಬಿಡೋಣ. ಹಸಿದವರು ಯಾರು ಎಂಬ ತೀರ್ಪನ್ನು ಬಿಡಬಾರದು. ಅರ್ಹರಾಗಿಯೂ ಪಟ್ಟಿಯಲ್ಲಿಲ್ಲದವರನ್ನು ಅದು ಹುಡುಕಿಕೊಡಲಿ, ಇದ್ದವರನ್ನು ತಾನೇ ಅಳಿಸುವುದು ಬೇಡ.

ಇಷ್ಟು ಸರ್ಕಾರಕ್ಕೆ. ನಮಗೂ ಒಂದು ಮಾತಿದೆ, ಅದು ಅಷ್ಟು ಹಿತವಾಗಿಲ್ಲ. ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸಿದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇದು ನಮ್ಮದಲ್ಲ, ಮರಳಿ ಹಾಕಿ ಬಾ ಎಂದು ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳಿಸಿದಳು. ಆ ಕಥೆಗೆ ಮಠದಲ್ಲಿ ತಲೆದೂಗುವ ನಾವು, ಟ್ರ್ಯಾಕ್ಟರ್ ಇದ್ದೂ ಮನೆ ಮೂರು ಪಾಲಾಗಿದೆ ಎಂದು ಬರೆಸಿ ಮೂರು ಬಿಪಿಎಲ್ ಕಾರ್ಡು ಇಟ್ಟುಕೊಂಡಿಲ್ಲವೇ? ತಂದ ಅಕ್ಕಿಯನ್ನು ಬಾಗಿಲಿಗೆ ಬರುವ ವ್ಯಾಪಾರಿಗೆ ಮಾರಿಲ್ಲವೇ? ನಮ್ಮ ಈ ಸುಳ್ಳಿನಿಂದಲೇ ಸರ್ಕಾರಕ್ಕೆ ಜರಡಿ ಹಿಡಿಯಲು ನೆಪ ಸಿಗುತ್ತದೆ, ಆ ಜರಡಿಯಲ್ಲಿ ಮೊದಲು ಉದುರುವವಳು ಬೆರಳು ಸವೆದ ಕೂಲಿಯವಳು. ಅವಳು ಯಾವ ಜಾತಿಯವಳು ಎಂಬುದು ಬಸವಣ್ಣನ ಮನೆಯಲ್ಲಿ ಕೇಳುವ ಪ್ರಶ್ನೆಯಲ್ಲ.

ಮಠಗಳ ಶಿವಾನುಭವ ಗೋಷ್ಠಿಗೆ ಬರುವ ಶರಣ ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟೆ. ಅನುಕೂಲಸ್ಥರು ಕಾರ್ಡನ್ನು ತಾವಾಗಿಯೇ ತಾಲ್ಲೂಕು ಕಚೇರಿಗೆ ಒಪ್ಪಿಸಲಿ. ರದ್ದಾಗಬೇಕಾದ ಹೆಸರುಗಳನ್ನು ಮೊದಲು ಗ್ರಾಮಸಭೆಯಲ್ಲಿ ಓದಬೇಕು, ಸಹಿ ಹಾಕುವ ಅಧಿಕಾರಿ ಆ ಮನೆಗೆ ಹೋಗಿ ನೋಡಿರಬೇಕು ಎಂದು ಊರೂರಿನಲ್ಲಿ ಠರಾವು ಆಗಲಿ. ಮೊಬೈಲ್ ಬಲ್ಲ ನಾಲ್ಕು ಹುಡುಗರು ರೇಷನ್ ದಿನ ಅಂಗಡಿಯ ಬಳಿ ನಿಂತು, ಯಾರ ಬೆರಳು ಹೊಂದಲಿಲ್ಲ ಎಂದು ಬರೆದುಕೊಂಡು, ಅವರು ಬರಿಚೀಲದಲ್ಲಿ ಮನೆಗೆ ಹೋಗದಂತೆ ನೋಡಿಕೊಳ್ಳಲಿ.