ಡಾಕ್ಟ್ರ ಸಂಬಳ ಯಾವಾಗ ಬರುತ್ತೆ?

ಇಲ್ಲಿ ಏನೂ ಬರೆಯದೆ ತುಂಬಾ ದಿನ ಆಯ್ತು. ಆಫೀಸಿನಲ್ಲಿ ರಿಲೀಸ್ ಇತ್ತು ಅನ್ನೋದು ಮಾಮೂಲಿ ನೆಪ :) ಇವತ್ತು ಬರೆಯಲೇಬೇಕು ಅನ್ನಿಸಿದ್ದು ನನ್ನ ರೂಮ್‌ಮೇಟ್‌ನಿಂದಾಗಿ.

ಅವನನ್ನು ನಾವೆಲ್ಲ ಕರೆಯೋದು 'ಡಾಕ್ಟ್ರು' ಅಂತ. ಇಂಜಿನಿಯರಿಂಗ್‌ನಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದವನು. ಕ್ಯಾಂಪಸ್ಸಿನಲ್ಲಿ ಸಿಕ್ಕ ಕೆಲಸ ಬಿಟ್ಟು, ಈಗ ಇದೇ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ನರವಿಜ್ಞಾನದಲ್ಲಿ ಪಿಎಚ್‌ಡಿ ಮಾಡ್ತಿದ್ದಾನೆ. ಊರಿಗೆ ಹೋದರೆ ಅತ್ತೆಯರೆಲ್ಲ ತಲೆನೋವಿಗೆ ಮಾತ್ರೆ ಕೇಳ್ತಾರಂತೆ. "ಅತ್ತೆ, ನಾನು ಇಲಿಗಳ ಡಾಕ್ಟ್ರು" ಅಂತ ನಗಿಸಿ ತಪ್ಪಿಸಿಕೊಳ್ತಾನೆ.

ಕೆಲವು ತಿಂಗಳ ಹಿಂದೆ ಇವನು ರೂಮಿಗೆ ಬರೋದು ರಾತ್ರಿ ಹನ್ನೆರಡು, ಒಂದು ಗಂಟೆ ಆಗತೊಡಗಿತು. ಪ್ರಯೋಗ ಜೋರಾಗಿ ನಡೀತಿರಬೇಕು ಅಂದುಕೊಂಡೆ. ಆಮೇಲೆ ಗೊತ್ತಾಯ್ತು, ನಾನು ಮಲಗಲಿ ಅಂತ ಕಾಯ್ತಿದ್ದನಂತೆ. ಐದು ತಿಂಗಳಿಂದ ಫೆಲೋಶಿಪ್ ಬಂದಿರಲಿಲ್ಲ, ಅವನ ಪಾಲಿನ ಬಾಡಿಗೆಯನ್ನೂ ನಾನೇ ಕಟ್ಟುತ್ತಿದ್ದೆ. ನನಗೆ ಮುಖ ತೋರಿಸೋಕೆ ಅವನಿಗೆ ಸಂಕೋಚ.

ನಾನೇನು ಮಾಡಿದೆ ಗೊತ್ತಾ? "ಮಗಾ, ಇದೆಲ್ಲ ಬಿಟ್ಟಾಕು. ಪೈಥಾನ್ ಬರುತ್ತಲ್ಲ, ನಮ್ಮ ಕಂಪನಿಗೆ ರೆಫರ್ ಮಾಡ್ತೀನಿ" ಅಂದೆ. ಅವನು ಏನೂ ಹೇಳಲಿಲ್ಲ. ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಅವತ್ತಿನಿಂದ ಆ ಮಾತು ನನ್ನನ್ನೇ ಚುಚ್ಚುತ್ತಿದೆ.

ಅವನ ಕೆಲಸ ಹೇಗಿರುತ್ತೆ ಅಂತ ಸ್ವಲ್ಪ ಹೇಳ್ತೀನಿ. ಒಂದು ಇಲಿಗೆ ಒಂದು ಸಣ್ಣ ಆಟ ಕಲಿಸೋಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಸರಿಯಾಗಿ ಆಡಿದರೆ ಒಂದು ಹನಿ ನೀರು ಬಹುಮಾನ. ಹಾಗಾಗಿ ದಿನಾ ತೂಕ ನೋಡಬೇಕು, ನೀರು ಅಳೆದು ಕೊಡಬೇಕು. ಭಾನುವಾರವೂ ಅಷ್ಟೇ, ದೀಪಾವಳಿಯೂ ಅಷ್ಟೇ. ಕಲಿತ ಇಲಿಯ ಮೆದುಳಿನಲ್ಲಿ ಕೂದಲಿಗಿಂತ ತೆಳುವಾದ ತಂತಿ ಇಟ್ಟು ನರಕೋಶಗಳ ಮಾತು ಕೇಳಬೇಕು. ತಂತಿ ಚೂರು ಅಲುಗಿತೋ, ಅಷ್ಟು ತಿಂಗಳ ಕೆಲಸ ನೀರಿನಲ್ಲಿ ಹೋಮ. ನಮ್ಮ ಹಾಗೆ 'ರೋಲ್‌ಬ್ಯಾಕ್' ಮಾಡೋಕೆ ಆಗಲ್ಲ.

ಇಷ್ಟಕ್ಕೆ ಸಿಗೋದೆಷ್ಟು? ಕೇಂದ್ರ ಸರ್ಕಾರದ ಜೂನಿಯರ್ ರಿಸರ್ಚ್ ಫೆಲೋಶಿಪ್ 2014ರಲ್ಲಿ ತಿಂಗಳಿಗೆ 25,000 ರೂಪಾಯಿ ಆಯ್ತು. 2019ರಲ್ಲಿ 31,000. ಅದಕ್ಕಾಗಿ ಸಂಶೋಧಕರು ಬೀದಿಗೆ ಇಳಿಯಬೇಕಾಯ್ತು. 2023ರ ಜನವರಿಯಿಂದ ಅನ್ವಯವಾಗುವ ಹಾಗೆ 37,000, ಎರಡು ವರ್ಷದ ನಂತರ ಸೀನಿಯರ್ ಆದರೆ 42,000. ಹಾಸ್ಟೆಲ್ ಸಿಗದವರಿಗೆ ಮನೆ ಬಾಡಿಗೆ ಭತ್ಯೆ ಬೇರೆ. ಯುಜಿಸಿ, ಸಿಎಸ್‌ಐಆರ್ ಫೆಲೋಶಿಪ್‌ಗಳ ಅವಧಿ ಒಟ್ಟು ಐದು ವರ್ಷ. ಇಲಿಗೆ ಆ ಐದು ವರ್ಷದ ಲೆಕ್ಕ ಗೊತ್ತಿಲ್ಲ. ಅಷ್ಟರೊಳಗೆ ಮುಗಿಯದಿದ್ದರೆ ಸಂಸ್ಥೆ ಕೈ ಹಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮೊತ್ತ ಕಡಿಮೆ ಅನ್ನೋದು ನನ್ನ ಮುಖ್ಯ ತಕರಾರಲ್ಲ. ನನ್ನ ಸಂಬಳ ತಿಂಗಳ ಕೊನೇ ದಿನ ಬೆಳಿಗ್ಗೆ ಏಳಕ್ಕೆ ಮೊಬೈಲಿನಲ್ಲಿ ಟಿಣ್ ಅನ್ನುತ್ತೆ. ಹತ್ತು ಗಂಟೆ ಆದರೂ ಬರದಿದ್ದರೆ ಎಚ್‌ಆರ್‌ಗೆ ಮೇಲ್‌ಗಳ ಸುರಿಮಳೆ! ಅವನದು ಐದು ತಿಂಗಳು ಬರದಿದ್ದರೂ ಕೇಳೋಕೆ ಒಂದು ಕಿಟಕಿ ಇಲ್ಲ. ಸಂಸ್ಥೆಯ ಆಫೀಸಿನವರು ದಿಲ್ಲಿ ಕಡೆ ಕೈ ತೋರಿಸ್ತಾರೆ, ದಿಲ್ಲಿಯವರು "ನಿಮ್ಮ ಸಂಸ್ಥೆಯಿಂದ ಕಾಗದ ಬಂದಿಲ್ಲ" ಅಂತಾರೆ.

"ಅವನ ಗೈಡ್ ಸರಿ ಇಲ್ಲ ಅನ್ಸುತ್ತೆ" ಅಂತ ನೀವು ಅಂದುಕೊಳ್ತಿರಬಹುದು. ತಪ್ಪು. ಆ ಮೇಡಂ ಬಹಳ ಒಳ್ಳೆಯವರು. ಎರಡು ತಿಂಗಳು ತಮ್ಮ ಕೈಯಿಂದಲೇ ಅವನಿಗೆ ಖರ್ಚಿಗೆ ಕೊಟ್ಟಿದ್ದಾರೆ. ಅವರೂ ಮೇಷ್ಟ್ರ ಕೆಲಸಕ್ಕೆ ಸೇರಿ ಮೂರೇ ವರ್ಷ, ಅವರ ಅನುದಾನವೂ ತಡವಾಗಿದೆ. ಅವರನ್ನು ವಿಚಾರಿಸೋಕೆ ಯಾರೂ ಇಲ್ಲ.

ನನ್ನ ತಕರಾರು ಇಲ್ಲೇ ಇದೆ. ಇಡೀ ವ್ಯವಸ್ಥೆ ನಿಂತಿರೋದು ಒಬ್ಬರ ಒಳ್ಳೆಯತನದ ಮೇಲೆ. ಗೈಡ್ ಒಳ್ಳೆಯವರಾದರೆ ಬದುಕಿಕೊಂಡೆ, ಇಲ್ಲದಿದ್ದರೆ ಹಣೆಬರಹ. ನಮ್ಮ ಭಾಷೆಯಲ್ಲಿ ಇದನ್ನು ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಅಂತೀವಿ. ಒಂದೇ ಸರ್ವರ್ ಮೇಲೆ ಇಡೀ ಸೈಟ್ ನಿಲ್ಲಿಸಿದರೆ ನಮ್ಮ ಮ್ಯಾನೇಜರ್ ಸುಮ್ಮನಿರ್ತಾರಾ? ಆದರೆ ಅವನ ಪ್ರಯೋಗ, ಸಹಿ, ಶಿಫಾರಸು ಪತ್ರ, ಮುಂದಿನ ಕೆಲಸ ಎಲ್ಲವೂ ಒಬ್ಬರ ಕೈಯಲ್ಲೇ. ನನಗೆ ಮ್ಯಾನೇಜರ್ ಜೊತೆ ಆಗದಿದ್ದರೆ ಟೀಮ್ ಬದಲಾಯಿಸ್ತೀನಿ. ಅವನು ಗೈಡ್ ಬದಲಾಯಿಸಿದರೆ ಮತ್ತೆ ಮೊದಲಿನಿಂದ ಇಲಿ, ನೀರು, ತೂಕ.

2018ರಲ್ಲಿ 'ನೇಚರ್ ಬಯೋಟೆಕ್ನಾಲಜಿ' ಪತ್ರಿಕೆಯಲ್ಲಿ ಒಂದು ಸಮೀಕ್ಷೆ ಬಂದಿತ್ತು. 26 ದೇಶಗಳ 2,279 ಜನ ಉತ್ತರಿಸಿದ್ದರು, ಬಹುತೇಕ ಪಿಎಚ್‌ಡಿ ವಿದ್ಯಾರ್ಥಿಗಳೇ. ಶೇಕಡಾ 41ರಷ್ಟು ಜನರಲ್ಲಿ ಮಧ್ಯಮದಿಂದ ತೀವ್ರ ಮಟ್ಟದ ಆತಂಕ, ಶೇಕಡಾ 39ರಷ್ಟು ಜನರಲ್ಲಿ ಖಿನ್ನತೆ. ಸಾಮಾನ್ಯ ಜನರಲ್ಲಿ ಅದು ಶೇಕಡಾ 6. ತಾವಾಗಿ ಉತ್ತರಿಸಿದವರ ಸಮೀಕ್ಷೆಯಾದ್ದರಿಂದ ಕಷ್ಟದಲ್ಲಿದ್ದವರೇ ಹೆಚ್ಚು ಬರೆದಿರಬಹುದು. ಹಾಗಂತ ಅರ್ಧ ಕಳೆದರೂ ಸಣ್ಣ ಸಂಖ್ಯೆ ಏನಲ್ಲ. ಮೆದುಳಿಗೆ ಒತ್ತಡ ಏನು ಮಾಡುತ್ತೆ ಅಂತ ಅಧ್ಯಯನ ಮಾಡುವ ವಿಭಾಗಗಳಲ್ಲೇ, ತಮ್ಮ ಹುಡುಗರ ಒತ್ತಡದ ಬಗ್ಗೆ ಕೇಳುವವರಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ ಅಲ್ವಾ?

ಇದರಿಂದ ಹುಡುಗರಿಗಷ್ಟೇ ನಷ್ಟ ಅಂದುಕೊಳ್ಳಬೇಡಿ. ಅಮೆರಿಕದ ಒಬ್ಬರ ಕಥೆ ಕೇಳಿ. ನಮ್ಮ ಡಾಕ್ಟ್ರ ಲ್ಯಾಬಿನಲ್ಲಿ ನರಕೋಶ ಚುರುಕಾದಾಗ ಹಸಿರಾಗಿ ಹೊಳೆಯುವ ಹಾಗೆ ಮಾಡ್ತಾರೆ. ಆ ಹೊಳಪಿನ ಮೂಲ ಒಂದು ಜೆಲ್ಲಿ ಫಿಶ್‌ನ ಪ್ರೋಟೀನ್. 1992ರಲ್ಲಿ ಅದರ ಜೀನ್ ಬೇರ್ಪಡಿಸಿ ಪ್ರಕಟಿಸಿದವರು ಡಗ್ಲಸ್ ಪ್ರಾಷರ್. ವುಡ್ಸ್ ಹೋಲ್‌ನ ಸಾಗರ ಸಂಶೋಧನಾ ಸಂಸ್ಥೆಯಲ್ಲಿ ಇನ್ನೂ ಖಾಯಂ ಆಗದ ಹುದ್ದೆ. ಅನುದಾನ ಮುಗೀತು, ಹೊಸದು ಸಿಗಲಿಲ್ಲ. ತಮ್ಮ ಜೀನ್ ಅನ್ನು ಕೇಳಿದವರಿಗೆ ಕಳಿಸಿಕೊಟ್ಟು ಆ ಕೆಲಸ ಕೈಬಿಟ್ಟರು. ಹಾಗೆ ಪಡೆದವರಲ್ಲಿ ಇಬ್ಬರು ಮಾರ್ಟಿನ್ ಚಾಲ್ಫಿ ಮತ್ತು ರೋಜರ್ ಚಿಯೆನ್. 1994ರಲ್ಲಿ ಚಾಲ್ಫಿ ಒಂದು ಸಣ್ಣ ಹುಳದ ನರಕೋಶಗಳು ಅದರಿಂದ ಹೊಳೆಯೋದನ್ನ ಲೋಕಕ್ಕೆ ತೋರಿಸಿದರು. 2008ರಲ್ಲಿ ಚಾಲ್ಫಿ, ಚಿಯೆನ್, ಶಿಮೊಮುರಾ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ಆಗ ಪ್ರಾಷರ್ ಅಲಬಾಮಾದ ಒಂದು ಕಾರ್ ಶೋರೂಮಿನಲ್ಲಿ ಗ್ರಾಹಕರನ್ನು ಕರೆದೊಯ್ಯುವ ವ್ಯಾನ್ ಓಡಿಸ್ತಿದ್ದರು!

ಚಾಲ್ಫಿ, ಚಿಯೆನ್ ಅವರನ್ನು ಮರೆಯಲಿಲ್ಲ. ತಮ್ಮ ಖರ್ಚಿನಲ್ಲಿ ಸ್ಟಾಕ್‌ಹೋಮ್‌ಗೆ ಕರೆಸಿಕೊಂಡರು, ಮುಂದೆ ಚಿಯೆನ್ ತಮ್ಮ ಲ್ಯಾಬಿನಲ್ಲೇ ಕೆಲಸ ಕೊಟ್ಟರು. ಓದಿದಾಗ ಕಣ್ಣು ತುಂಬಿ ಬಂತು. ಆದರೆ ನೋಡಿ, ಅಲ್ಲೂ ಕೈ ಹಿಡಿದಿದ್ದು ಒಳ್ಳೆಯ ಮನುಷ್ಯರು, ವ್ಯವಸ್ಥೆ ಅಲ್ಲ.

ವಿಭಾಗಗಳು ಏನು ಮಾಡಬಹುದು? ನನಗನ್ನಿಸಿದ್ದು ಮೂರು.

ಒಂದು, ಹಣ ತಡವಾದರೆ ಸಂಸ್ಥೆಯೇ ಮುಂಗಡ ಕೊಡಲಿ. ಆಮೇಲೆ ಸರ್ಕಾರದಿಂದ ಬಂದಾಗ ಹಿಡಿದುಕೊಳ್ಳಲಿ. ದಿಲ್ಲಿಗಾಗಿ ಕಾಯುವ ತಾಕತ್ತು ಇಪ್ಪತ್ತೇಳು ವರ್ಷದ ಹುಡುಗನಿಗಿಂತ ಸಂಸ್ಥೆಗೆ ಜಾಸ್ತಿ.

ಎರಡು, ಪ್ರತಿಯೊಬ್ಬರಿಗೂ ಗೈಡ್ ಅಲ್ಲದ ಇನ್ನೊಬ್ಬರು ಹಿರಿಯರು ಬೇಕು. ವರ್ಷಕ್ಕೊಮ್ಮೆ ಸೇರುವ ಕಮಿಟಿ ಸಾಲದು. "ಹೇಗಿದೀಯಪ್ಪಾ, ಊಟ ಆಯ್ತಾ?" ಅಂತ ಕೇಳೋರು ಬೇಕು. ಹೊಸದಾಗಿ ಸೇರಿದ ಮೇಷ್ಟ್ರಿಗೂ ಅಂಥವರೊಬ್ಬರು ಬೇಕು.

ಮೂರು, ಮುಂದಿನ ದಾರಿ ಹುಡುಕೋಕೆ ಸಮಯ. ಬ್ರಿಟನ್ನಿನಲ್ಲಿ ಸಂಶೋಧಕರ ಬೆಳವಣಿಗೆಗಾಗಿ ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿರುವ ಒಂದು ಒಡಂಬಡಿಕೆ ಇದೆ. ವರ್ಷಕ್ಕೆ ಕನಿಷ್ಠ 10 ದಿನ ಅವರ ವೃತ್ತಿಯ ಕಲಿಕೆಗೆ ಕೊಡಬೇಕು ಅಂತ 2019ರ ಪರಿಷ್ಕರಣೆಯಲ್ಲಿ ಬರೆದಿದ್ದಾರೆ. ಬರೆದಿದ್ದೆಲ್ಲ ನಡೆಯುತ್ತೆ ಅಂತಲ್ಲ. ಬರೆದಿದ್ದರೆ ಕೇಳೋಕೆ ಒಂದು ಆಧಾರ ಇರುತ್ತೆ. ಪಿಎಚ್‌ಡಿ ಮುಗಿಸಿದವರೆಲ್ಲ ಮೇಷ್ಟ್ರಾಗೋಕೆ ಅಷ್ಟು ಹುದ್ದೆಗಳೇ ಇಲ್ಲ. ಬೇರೆ ಕೆಲಸಕ್ಕೆ ಹೋದವರನ್ನು ಸೋತವರ ಹಾಗೆ ನೋಡೋದನ್ನಾದರೂ ಬಿಡಬಹುದು.

"ಸಂಶೋಧನೆ ಅಂದರೆ ತಪಸ್ಸು ಕಣಯ್ಯಾ, ಕಷ್ಟ ಇರಲೇಬೇಕು" ಅಂತ ನಮ್ಮ ದೊಡ್ಡಪ್ಪ ಹೇಳ್ತಾರೆ. ಇರಲಿ. ಇಲಿ ಕಲಿಯದೇ ಇರೋದು, ತಂತಿ ಅಲುಗೋದು ತಪಸ್ಸಿನ ಕಷ್ಟ, ಒಪ್ಪಿದೆ. ಓನರ್ ಆಂಟಿಗೆ ಹೆದರಿ ಮೆಟ್ಟಿಲ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಬರೋದು ಯಾವ ತಪಸ್ಸು?

ಆರನೇ ತಿಂಗಳು ಡಾಕ್ಟ್ರಿಗೆ ಬಾಕಿ ಎಲ್ಲ ಒಟ್ಟಿಗೇ ಬಂತು. ಅವತ್ತೇ ನನ್ನ ದುಡ್ಡು ವಾಪಸ್ ಕೊಟ್ಟ, ಜೊತೆಗೆ ಅರ್ಧ ಕೇಜಿ ಮೈಸೂರುಪಾಕ್ :) ರೆಫರ್ ಮಾಡೋ ಮಾತು ನಾನು ಮತ್ತೆ ಎತ್ತಿಲ್ಲ. ಸಾಕು ಅನ್ನಿಸಿ ಅವನೇ ಕೇಳಿದರೆ ಅವತ್ತೇ ಮಾಡ್ತೀನಿ. ಬಾಡಿಗೆ ಕಟ್ಟೋಕೆ ಆಗದೆ ಕೇಳೋ ಹಾಗೆ ಮಾತ್ರ ಆಗಬಾರದು.

ನಿಮ್ಮ ಪರಿಚಯದಲ್ಲಿ ಇಂಥ ಡಾಕ್ಟ್ರು ಯಾರಾದರೂ ಇದ್ದರೆ ಈ ವಾರ ಒಂದು ಫೋನ್ ಮಾಡಿ. "ಥೀಸಿಸ್ ಯಾವಾಗ ಮುಗಿಯುತ್ತೆ?" ಅಂತ ಮಾತ್ರ ದಯವಿಟ್ಟು ಕೇಳಬೇಡಿ. ಏನಂತೀರಾ?